ದೌಂಡ ಜಂಕ್ಷನ್ನಿನಲ್ಲಿ ಒಂದು ಗುಳಿಗೆಯ ಚರಿತ್ರೆ

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಮಂದಿಗೆ ಪುಣೆ ಜಿಲ್ಲೆಯ ದೌಂಡ ಎಂದರೆ ಇಂಜಿನ್ ತಿರುಗುವ ಊರಾಗಿತ್ತು. ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೋಲಾಪುರ ದಾಟಿ ಇಲ್ಲಿಗೆ ಬಂದು ಮನಮಾಡದ ದಾರಿ ಹಿಡಿಯಬೇಕು. ಅದಕ್ಕಾಗಿ ಮುಂದಿನ ಇಂಜಿನ್ ಕಳಚಿ ಹಿಂದಿನ ತುದಿಗೆ ಹಚ್ಚುತ್ತಿದ್ದರು. ಅಷ್ಟು ಹೊತ್ತು ಗಾಡಿ ನಿಂತಿರುತ್ತಿತ್ತು, ಜನ ಕೆಳಗಿಳಿದು ಚಹಾ ಕುಡಿಯುತ್ತಿದ್ದರು. ಈಗ ಊರಿನ ಹೊರಗೆ ಕಾರ್ಡ್ ಲೈನ್ ಆಗಿದೆ, ಆ ತಿರುಗಾಟ ತಪ್ಪಿದೆ. ನಾನು ಗುಲಬರ್ಗಾದಲ್ಲಿ ಡಿ.ಫಾರ್ಮಾ ಮುಗಿಸಿ, ಗೂಡ್ಸ್ ಗಾಡಿಯ ಗಾರ್ಡರನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ತೊಂಬತ್ತರ ದಶಕದ ಆರಂಭದಲ್ಲಿ ಸ್ಟೇಷನ್ನಿನ ಸಮೀಪ ಒಂದು ಸಣ್ಣ ಮೆಡಿಕಲ್ ತೆರೆದೆ. ಮರಾಠಿಯವರು ನನಗೆ ವಹಿನಿ ಎನ್ನುತ್ತಾರೆ, ನಮ್ಮ ಕಡೆಯವರು ಅಕ್ಕಾ ಎನ್ನುತ್ತಾರೆ.

ಈ ಹತ್ತು ಹದಿನೈದು ವರ್ಷಗಳಲ್ಲಿ ನನ್ನ ಕೌಂಟರಿನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. ಅದನ್ನು ಅತ್ಯಂತ ನೇರವಾಗಿ ಕೇಳಿದವರು ಅಫಜಲಪುರ ಕಡೆಯ ಒಬ್ಬ ಲೋಕೋ ಪೈಲಟ್. "ಅಕ್ಕಾ, ಈ ಕೊಲೆಸ್ಟ್ರಾಲ್ ಗುಳಿಗಿ ತಗೊಂಡ್ರ ಶುಗರ್ ಬರ್ತದಂತ, ಖರೇ ಏನ್ರಿ? ಹಾರ್ಟಿಗಿ ಛಲೋ, ಶುಗರಿಗಿ ಕೆಟ್ಟ ಅಂದ್ರ ನಾ ಯಾವ್ದು ನೋಡ್ಲಿ?" ರನ್ನಿಂಗ್ ಸ್ಟಾಫಿಗೆ ಇದು ಬರೀ ಆರೋಗ್ಯದ ಪ್ರಶ್ನೆಯಲ್ಲ. ರೈಲ್ವೆಯವರು ಗೊತ್ತಾದ ಅವಧಿಗೊಮ್ಮೆ ಅವರ ಮೆಡಿಕಲ್ ಮಾಡುತ್ತಾರೆ. ಆಗ ಶುಗರ್ ಸಿಕ್ಕರೆ ಗಾಡಿಯಿಂದ ಇಳಿಸುತ್ತಾರೆ, ಡಿಕ್ಯಾಟಗರೈಸ್ ಮಾಡಿ ಬೇರೆ ಕೆಲಸಕ್ಕೆ ಹಾಕುತ್ತಾರೆ, ಮೈಲೇಜ್ ಭತ್ಯೆ ಹೋಗುತ್ತದೆ ಎಂಬ ಅಂಜಿಕೆ ಅವರು ಡ್ಯೂಟಿಗೆ ಹಾಜರಾಗುವ ಲಾಬಿಯಲ್ಲಿ ಸದಾ ಇರುತ್ತದೆ. ಎದೆಗೆ ಏನಾದರೂ ಆದರಂತೂ ಇಳಿಸಿದ ಹಾಗೆಯೇ. ಎರಡೂ ಕಡೆ ಅನ್ನಕ್ಕೆ ಕುತ್ತು. ಅವರಿಗೆ ಕೊಟ್ಟ ಉತ್ತರ ಉದ್ದವಾಗಿತ್ತು. ಅದನ್ನೇ ಇಲ್ಲಿ ಚರಿತ್ರೆಯಾಗಿ ಬರೆಯುತ್ತಿದ್ದೇನೆ. ಈ ಗುಳಿಗೆ ಹೇಗೆ ಹುಟ್ಟಿತು, ಅದರ ದೋಷ ಯಾವಾಗ ಕಣ್ಣಿಗೆ ಬಿತ್ತು ಎಂದು ತಿಳಿಯದೆ ಯಾವುದು ಹೆಚ್ಚು ಯಾವುದು ಕಡಿಮೆ ಎಂದು ತೂಗಲು ಬರುವುದಿಲ್ಲ.

ನಾನು ಅಂಗಡಿ ತೆರೆದಾಗ ಕೊಲೆಸ್ಟ್ರಾಲಿಗೆಂದು ಚೀಟಿ ಬರೆಸಿಕೊಂಡು ಬರುವವರು ಅಪರೂಪ. ಬಂದರೂ ಜೆಮ್‌ಫೈಬ್ರೋಜಿಲ್, ಇಲ್ಲವೇ ಮೈಯೆಲ್ಲ ಉರಿ ಎಬ್ಬಿಸುವ ನಿಕೋಟಿನಿಕ್ ಆಸಿಡ್. ದೊಡ್ಡ ಡಾಕ್ಟರುಗಳಿಗೂ ಈ ಔಷಧಿಗಳ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಅದಕ್ಕೆ ಕಾರಣವೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಎಡಿನ್‌ಬರೋ, ಪ್ರಾಗ್, ಬುಡಾಪೆಸ್ಟ್ ನಗರಗಳಲ್ಲಿ ಕ್ಲೋಫೈಬ್ರೇಟ್ ಎಂಬ ಔಷಧಿಯನ್ನು ಪರೀಕ್ಷಿಸಿತ್ತು. 1978ರಲ್ಲಿ ಹೊರಬಂದ ಅದರ ಫಲಿತಾಂಶ ಎಲ್ಲರನ್ನೂ ಕಂಗೆಡಿಸಿತು. ಹೃದಯಾಘಾತ ಇಳಿದಿತ್ತು, ಆದರೆ ಒಟ್ಟು ಸತ್ತವರ ಸಂಖ್ಯೆ ಏರಿತ್ತು. ರಕ್ತದ ಒಂದು ಅಂಕೆಯನ್ನು ಇಳಿಸುವುದೇ ಬೇರೆ, ಮನುಷ್ಯನನ್ನು ಉಳಿಸುವುದೇ ಬೇರೆ ಎಂಬ ಪಾಠವನ್ನು ವೈದ್ಯಲೋಕ ಅಲ್ಲಿ ಕಲಿಯಿತು. ಅಂದಿನಿಂದ ಕೊಲೆಸ್ಟ್ರಾಲಿನ ಯಾವ ಔಷಧಿ ಬಂದರೂ ಮೊದಲು ಕೇಳುವುದು ಇದನ್ನೇ: ಜನ ಬದುಕಿದರೇ?

ಆ ಪರೀಕ್ಷೆ ನಡೆಯುತ್ತಿದ್ದಾಗಲೇ ಜಪಾನಿನಲ್ಲಿ ರೈತರ ಮಗನೊಬ್ಬರು ಬೂಸ್ಟು ಹುಡುಕುತ್ತಿದ್ದರು. ಅಕಿರಾ ಎಂಡೋ ಅಕಿತಾ ಸೀಮೆಯವರು. ಚಿಕ್ಕಂದಿನಿಂದ ಅಣಬೆ, ಬೂಸ್ಟುಗಳ ಹುಚ್ಚು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರಿಗೆ ಆದರ್ಶ. ಅರವತ್ತರ ದಶಕದಲ್ಲಿ ಎರಡು ವರ್ಷ ನ್ಯೂಯಾರ್ಕಿನಲ್ಲಿದ್ದಾಗ ಅಲ್ಲಿ ಹೃದಯಾಘಾತದಿಂದ ಸಾಯುವವರ ಸಂಖ್ಯೆ ನೋಡಿ ದಂಗಾದರು. 1971ರಲ್ಲಿ ಸ್ಯಾಂಕ್ಯೋ ಕಂಪನಿಯಲ್ಲಿ ಹುಡುಕಾಟ ಶುರುವಾಯಿತು. ಅವರ ತರ್ಕ ಹೀಗಿತ್ತು: ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಒಂದು ಕಿಣ್ವ ಬೇಕು, ಎಚ್ಎಂಜಿ ಕೋಎ ರಿಡಕ್ಟೇಸ್ ಎಂದು ಅದರ ಹೆಸರು. ತನ್ನ ಶತ್ರುಗಳಾದ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಈ ಕಿಣ್ವವನ್ನೇ ಕಟ್ಟಿಹಾಕುವ ಬೂಸ್ಟು ಯಾವುದಾದರೂ ಇರಬೇಕು. ಆರು ಸಾವಿರಕ್ಕೂ ಹೆಚ್ಚು ಬಗೆಯ ಬೂಸ್ಟುಗಳನ್ನು ಬೆಳೆಸಿ, ಒಂದೊಂದರ ರಸವನ್ನೂ ಪರೀಕ್ಷಿಸಿದರು. ಕೊನೆಗೆ ದಕ್ಕಿದ್ದು ಕ್ಯೋಟೋ ನಗರದ ಧಾನ್ಯದ ಅಂಗಡಿಯೊಂದರ ಅಕ್ಕಿಗೆ ಹತ್ತಿದ್ದ ನೀಲಿಹಸಿರು ಬೂಸ್ಟು, ಪೆನಿಸಿಲಿಯಂ ಸಿಟ್ರಿನಂ. 1973ರಲ್ಲಿ ಅದರಿಂದ ಬೇರ್ಪಡಿಸಿದ ವಸ್ತುವೇ ಕಾಂಪ್ಯಾಕ್ಟಿನ್. ಇಂದು ನಾವು ಕೊಲೆಸ್ಟ್ರಾಲ್ ಗುಳಿಗೆ ಎನ್ನುವ ಸ್ಟ್ಯಾಟಿನ್ ಬಳಗದಲ್ಲಿ ಅದೇ ಮೊದಲನೆಯದು.

ಇಲ್ಲಿಂದ ಮುಂದೆ ಸುಸೂತ್ರವಾಗಲಿಲ್ಲ. ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಕಂಪನಿಯವರು ಕೈಬಿಡುವ ಹಂತಕ್ಕೆ ಬಂದರು. ಎಂಡೋ ಮೊಟ್ಟೆಯಿಡುವ ಕೋಳಿಗಳ ಮೊರೆಹೋದರು. ಮೊಟ್ಟೆಗೆ ಕೊಲೆಸ್ಟ್ರಾಲ್ ಒದಗಿಸಬೇಕಾದ ಕೋಳಿಯ ರಕ್ತದಲ್ಲಿ ಅದು ಹೇರಳವಾಗಿರಲೇಬೇಕು ಎಂಬ ಲೆಕ್ಕ ಸರಿಯಾಗಿತ್ತು, ಕೋಳಿಗಳಲ್ಲಿ ಅಂಕೆ ಇಳಿಯಿತು. 1978ರಲ್ಲಿ ಒಸಾಕಾದ ವೈದ್ಯರು ಹುಟ್ಟಿನಿಂದಲೇ ವಿಪರೀತ ಕೊಲೆಸ್ಟ್ರಾಲ್ ಇದ್ದ ಹದಿನೆಂಟರ ಹುಡುಗಿಗೆ ಅದನ್ನು ಕೊಟ್ಟರು. ಆದರೆ 1980ರಲ್ಲಿ, ಭಾರೀ ಪ್ರಮಾಣದಲ್ಲಿ ಕೊಟ್ಟ ನಾಯಿಗಳಲ್ಲಿ ಗಂಟು ಕಂಡಿತೆಂದು ಸ್ಯಾಂಕ್ಯೋ ಎಲ್ಲವನ್ನೂ ನಿಲ್ಲಿಸಿತು. ಅಮೆರಿಕದ ಮರ್ಕ್ ಕಂಪನಿಯವರು ಬೇರೊಂದು ಬೂಸ್ಟಿನಿಂದ ಲೋವಾಸ್ಟ್ಯಾಟಿನ್ ತೆಗೆದಿದ್ದರು. ಸುದ್ದಿ ಕೇಳಿ ಅವರೂ ಹೆದರಿ ನಿಲ್ಲಿಸಿದರು, ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡರು. 1987ರ ಸೆಪ್ಟೆಂಬರಿನಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಎಂಡೋ 2024ರ ಜೂನಿನಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಬರಲಿಲ್ಲವೆಂಬುದು ನನಗೆ ಇವತ್ತಿಗೂ ಸಂಕಟದ ಮಾತು.

ಜನ ಬದುಕಿದರೇ ಎಂಬ ಪ್ರಶ್ನೆಗೆ ಉತ್ತರ 1994ರಲ್ಲಿ ಉತ್ತರ ಯೂರೋಪಿನಿಂದ ಬಂತು. ಎದೆನೋವು ಇದ್ದ ಇಲ್ಲವೇ ಒಮ್ಮೆ ಅಟ್ಯಾಕ್ ಆಗಿದ್ದ 4,444 ಜನರಲ್ಲಿ ಅರ್ಧ ಜನಕ್ಕೆ ಸಿಮ್ವಾಸ್ಟ್ಯಾಟಿನ್, ಉಳಿದರ್ಧಕ್ಕೆ ಔಷಧಿಯಿಲ್ಲದ ಗುಳಿಗೆ ಕೊಟ್ಟು ಐದು ವರ್ಷಕ್ಕೂ ಮೇಲ್ಪಟ್ಟು ನೋಡಿದರು. ಬರೀ ಗುಳಿಗೆ ತೆಗೆದುಕೊಂಡವರಲ್ಲಿ 256 ಜನ ಸತ್ತರು, ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ 182. ಕ್ಲೋಫೈಬ್ರೇಟ್ ಹಬ್ಬಿಸಿದ್ದ ಕತ್ತಲೆ ಒಂದೇ ಏಟಿಗೆ ಹರಿಯಿತು.

ನಮ್ಮ ದೇಶಕ್ಕೆ ಇದು ಬಂದ ಬಗೆ ಬೇರೆ. 1970ರ ಪೇಟೆಂಟ್ ಕಾಯ್ದೆ ಔಷಧಿಯ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕು ಕೊಡುತ್ತಿತ್ತು, ಔಷಧಿಗಲ್ಲ. 2005ರವರೆಗೂ ಅದೇ ನಡೆಯಿತು. ಹಾಗಾಗಿ ಅಮೆರಿಕದಲ್ಲಿ ಅಟೋರ್ವಾಸ್ಟ್ಯಾಟಿನ್ ಒಂದೇ ಕಂಪನಿಯ ಹಿಡಿತದಲ್ಲಿದ್ದ ಕಾಲದಲ್ಲಿ ನನ್ನ ಕಪಾಟಿನಲ್ಲಿ ಅದರ ಐದಾರು ಹೆಸರಿನ ಸ್ಟ್ರಿಪ್ಪುಗಳಿದ್ದವು. ಬೆಂಗಳೂರಿನ ಬಯೋಕಾನ್ ಇದರಲ್ಲಿ ದೊಡ್ಡ ಪಾಲುದಾರ. 1978ರಲ್ಲಿ ಕಿರಣ್ ಮಜುಂದಾರ್ ಕಿಣ್ವ ತಯಾರಿಸಲೆಂದು ಕಟ್ಟಿದ ಕಂಪನಿಗೆ ಹುದುಗಿಸುವ ವಿದ್ಯೆ ಕರಗತವಾಗಿತ್ತು. ಬೂಸ್ಟು ಬೆಳೆಸಿ ಸ್ಟ್ಯಾಟಿನ್ ತೆಗೆಯುವುದೂ ಅದೇ ವಿದ್ಯೆ. 2001ರಲ್ಲಿ ಅವರ ಲೋವಾಸ್ಟ್ಯಾಟಿನ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2004ರಲ್ಲಿ ಅದೇ ಬಯೋಕಾನ್ ಇನ್ಸುಜೆನ್ ಎಂಬ ಇನ್ಸುಲಿನ್ ಹೊರತಂದಿತು. ಎದೆಯ ಔಷಧಿ ಮತ್ತು ಸಕ್ಕರೆಯ ಔಷಧಿ ಒಂದೇ ಊರಿನ ಒಂದೇ ಕಂಪನಿಯಲ್ಲಿ ಹುದುಗಿ ಬಂದವು. ಈ ಎರಡು ಕಾಯಿಲೆಗಳು ನಮ್ಮ ಜನರಲ್ಲಿ ಎಷ್ಟು ಹತ್ತಿರ ಬಂದಿವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಈಗ ಶುಗರಿನ ಮಾತು. ಮೊದಲು ಕೇಳಿಬಂದದ್ದು ಇದಕ್ಕೆ ತದ್ವಿರುದ್ಧವಾದ ಸುದ್ದಿ. ಸ್ಕಾಟ್ಲೆಂಡಿನ ಗಂಡಸರಲ್ಲಿ ಪ್ರವಾಸ್ಟ್ಯಾಟಿನ್ ಪರೀಕ್ಷಿಸಿದ್ದವರು 2001ರಲ್ಲಿ ತಮ್ಮ ಲೆಕ್ಕ ಮತ್ತೆ ತಿರುವಿ, ಗುಳಿಗೆ ತೆಗೆದುಕೊಂಡವರಲ್ಲಿ ಮಧುಮೇಹ ಶೇ. 30ರಷ್ಟು ಕಡಿಮೆ ಎಂದರು. ಎಲ್ಲರಿಗೂ ಹಿತವಾದ ಮಾತು. ಏಳು ವರ್ಷಗಳ ನಂತರ ಜ್ಯುಪಿಟರ್ ಎಂಬ ಪ್ರಯೋಗದಲ್ಲಿ ಅದು ತಲೆಕೆಳಗಾಯಿತು. 17,802 ಆರೋಗ್ಯವಂತರು, ದಿನಕ್ಕೆ 20 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್. ಹೃದಯಾಘಾತ ಅರ್ಧಕ್ಕಿಳಿದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಆದರೆ ಹೊಸದಾಗಿ ಶುಗರ್ ಬಂದವರು ಔಷಧಿಯಿಲ್ಲದ ಗುಳಿಗೆಯ ಕಡೆ 216, ರೋಸುವಾಸ್ಟ್ಯಾಟಿನ್ ನುಂಗಿದ ಕಡೆ 270. ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂದು ಆಗಲೇ ಇಪ್ಪತ್ತೊಂದು ವರ್ಷ! ಇಷ್ಟು ತಡವಾದದ್ದು ಯಾಕೆ ಎಂದರೆ, ಹಳೆಯ ಪ್ರಯೋಗಗಳು ಎಣಿಸಿದ್ದು ಸಾವು ಮತ್ತು ಅಟ್ಯಾಕುಗಳನ್ನು. ಶುಗರನ್ನು ಹುಡುಕಿ ನೋಡುವುದೇ ಅವುಗಳ ಉದ್ದೇಶವಾಗಿರಲಿಲ್ಲ.

2010ರಲ್ಲಿ ಗ್ಲಾಸ್ಗೋದ ನವೀದ್ ಸತ್ತಾರ್ ಮತ್ತು ಜೊತೆಗಾರರು ಹದಿಮೂರು ಪ್ರಯೋಗಗಳ 91,140 ಜನರನ್ನು ಒಟ್ಟಿಗೆ ಲೆಕ್ಕ ಹಾಕಿದರು. ಮಧುಮೇಹದ ಸಂಭವ ಶೇ. 9ರಷ್ಟು ಹೆಚ್ಚು. ಈ ಒಂಬತ್ತು ಎಂಬ ಅಂಕೆ ಪತ್ರಿಕೆಗಳಲ್ಲಿ ಬಂದು ಜನ ಗಾಬರಿಯಾದರು. ಅದೇ ಲೇಖನದಲ್ಲಿ ಇನ್ನೊಂದು ಅಂಕೆಯಿತ್ತು, ಅದನ್ನು ನಾನು ದೌಂಡದ ಭಾಷೆಯಲ್ಲಿ ಹೇಳುತ್ತೇನೆ. ಹಳೆಯ ಸ್ಲೀಪರ್ ಡಬ್ಬಿಯೊಂದಕ್ಕೆ 72 ಬರ್ತ್. ಮೂರೂವರೆ ಡಬ್ಬಿ ತುಂಬ ಜನ, 255 ಮಂದಿ, ನಾಲ್ಕು ವರ್ಷ ಬಿಡದೆ ಸ್ಟ್ಯಾಟಿನ್ ನುಂಗಿದರೆ ಅವರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಶುಗರ್ ಬರುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಸುಮಾರು 39 ಅಂಕ ಇಳಿದರೆ ಅದೇ ಮೂರೂವರೆ ಡಬ್ಬಿಯಲ್ಲಿ ಐದು ಜನರ ಹೃದಯಾಘಾತವೋ ಅದರಿಂದಾಗುವ ಸಾವೋ ತಪ್ಪುತ್ತದೆ. ಲೋಕೋ ಪೈಲಟ್ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಒಬ್ಬ ಯಾರು ಅಂತ ಮೊದ್ಲೇ ಗೊತ್ತಾಗ್ತದೇನ್ರಿ?" ಎಂದರು. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಯಾರೂ ಕೇಳಿಲ್ಲ.

ಬಹುಮಟ್ಟಿಗೆ ಗೊತ್ತಾಗುತ್ತದೆ. ಜ್ಯುಪಿಟರಿನ ಜನರನ್ನು 2012ರಲ್ಲಿ ಎರಡಾಗಿ ವಿಂಗಡಿಸಿ ನೋಡಿದರು. ಬೊಜ್ಜು, ಗಡಿಗೆ ಬಂದ ಶುಗರ್ ಮೊದಲಾದ ಯಾವ ಲಕ್ಷಣವೂ ಇಲ್ಲದವರಲ್ಲಿ ಹೊಸ ಮಧುಮೇಹ ಹೆಚ್ಚಲೇ ಇಲ್ಲ. ಅಂಥ ಲಕ್ಷಣ ಇದ್ದವರಲ್ಲಿ 54 ಹೊಸ ಶುಗರಿಗೆ ಎದುರಾಗಿ 134 ಹೃದಯ, ರಕ್ತನಾಳದ ಆಘಾತಗಳು ಹಾಗೂ ಸಾವುಗಳು ತಪ್ಪಿದ್ದವು. ಶುಗರ್ ಬಂದವರಲ್ಲೂ ಗುಳಿಗೆಯಿಂದಾಗಿ ಅದು ಪತ್ತೆಯಾದದ್ದು ಸರಾಸರಿ ಐದೂವರೆ ವಾರ ಮುಂಚೆ. ಅಂದರೆ ಬರುವ ದಾರಿಯಲ್ಲೇ ಇದ್ದ ಶುಗರನ್ನು ಗುಳಿಗೆ ಸ್ವಲ್ಪ ಮುಂದಕ್ಕೆ ದೂಡಿತ್ತು. 2024ರಲ್ಲಿ ಎಲ್ಲ ದೊಡ್ಡ ಪ್ರಯೋಗಗಳನ್ನು ಕೂಡಿಸಿ ನೋಡಿದಾಗಲೂ ಅದೇ ಚಿತ್ರ. ಕಡಿಮೆ ಮತ್ತು ಮಧ್ಯಮ ಡೋಸಿನಲ್ಲಿ ಶೇ. 10 ಏರಿಕೆ, ಹೆಚ್ಚಿನ ಡೋಸಿನಲ್ಲಿ ಶೇ. 36. ಹೊಸ ಶುಗರಿನ ಶೇ. 60ಕ್ಕೂ ಹೆಚ್ಚು ಪಾಲು, ಮೊದಲೇ ಶುಗರ್ ಮೇಲಿನ ಕಾಲು ಭಾಗದಲ್ಲಿದ್ದವರದು. ಡೋಸ್ ಎಷ್ಟು ಎಂಬುದೂ, ಗುಳಿಗೆ ಶುರುಮಾಡುವ ಮುನ್ನ ಶುಗರ್ ಎಲ್ಲಿತ್ತು ಎಂಬುದೂ ಸೇರಿ ಉತ್ತರ ಹೇಳುತ್ತವೆ.

ಯಾಕೆ ಹೀಗೆ? 2015ರಲ್ಲಿ ವಂಶವಾಹಿಗಳನ್ನು ನೋಡಿದವರು ಒಂದು ಸುಳಿವು ಕೊಟ್ಟರು. ಎಂಡೋ ಹುಡುಕಿದ ಆ ಕಿಣ್ವವೇ ಹುಟ್ಟಿನಿಂದ ಕೊಂಚ ಮಂದವಾಗಿರುವ ಜನರಿದ್ದಾರೆ. ಅವರು ಒಂದು ಗುಳಿಗೆಯನ್ನೂ ನುಂಗದೆ ಕಡಿಮೆ ಕೊಲೆಸ್ಟ್ರಾಲ್ ಹೊಂದಿರುತ್ತಾರೆ, ಜೊತೆಗೆ ತುಸು ಹೆಚ್ಚು ತೂಕ, ತುಸು ಹೆಚ್ಚು ಮಧುಮೇಹ. ಎಂದರೆ ದೋಷ ಗುಳಿಗೆಯ ಕಲಬೆರಕೆಯಲ್ಲಿಲ್ಲ. ಗುಣ ಬರುವ ಬಾಗಿಲಿನಿಂದಲೇ ಅದರ ಒಂದಷ್ಟು ಪಾಲಾದರೂ ಒಳಬರುತ್ತದೆ.

ಆದರೆ ಈ ಲೆಕ್ಕಗಳೆಲ್ಲ ಹೆಚ್ಚಾಗಿ ಯೂರೋಪ್, ಅಮೆರಿಕದ ಮೈಗಳ ಮೇಲಿನವು. ನಮ್ಮ ಮೈ ಬೇರೆ. ಅದನ್ನು ಪುಣೆಯಲ್ಲೇ ಕೂತು ತೋರಿಸಿದವರು ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. ಪುಣೆ ಸುತ್ತಲಿನ ಹಳ್ಳಿಗಳ ಬಸುರಿಯರನ್ನು 1993ರಿಂದ ಹಿಂಬಾಲಿಸಿ ಅವರ ಕೂಸುಗಳನ್ನು ಅಳೆದರು. ಇಲ್ಲಿನ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸು 3.5 ಕಿಲೋ. ಮಾಂಸಖಂಡ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಸಣಕಲು ಮೈ, ಒಳಗೆ ಕೊಬ್ಬು. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ 21.2.

ಈ ಫೋಟೋ ನೋಡಿದಾಗಲೆಲ್ಲ ನನಗೆ ಈ ಊರಿನ ಹಳಿ ನೆನಪಾಗುತ್ತದೆ. ದೌಂಡದಿಂದ ಮನಮಾಡಕ್ಕೆ ಹೋಗುವ ಹಳಿ 1878ರಲ್ಲಿ ತೆರೆದದ್ದು. ಅದರ ಮಣ್ಣಿನ ಕೆಲಸ ಮಾಡಿದವರು 1876ರಿಂದ 78ರ ಬರದ ಕೂಲಿಗಳು. ಹಳೇ ಮೈಸೂರಿನವರು ಧಾತು ಈಶ್ವರ ಎಂದು ನೆನೆಯುವ, ಬಳ್ಳಾರಿ, ಕಲಾದಗಿಗಳನ್ನು ಬರಿದು ಮಾಡಿದ ಅದೇ ಬರ. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಬರಗಾಲದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚೂರು ಕಾಸು. ದಿನವಿಡೀ ಮಣ್ಣು ಹೊರುವ ಆಳಿಗೆ ಅರ್ಧ ಕಿಲೋಗೂ ಕಡಿಮೆ! ಮುಂಬೈ ಸೀಮೆಯ ಜನ ಆ ಕೂಲಿ ಒಲ್ಲದೆ ಕೆಲಸ ಬಿಟ್ಟು ನಡೆದರು. ಇದೇ ತಾಲೂಕಿನ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಕಟ್ಟಿದ್ದು ಕೂಡ ಬರದಲ್ಲಿ ಅನಾಥರಾದ ಹುಡುಗಿಯರಿಗಾಗಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1870ರ ದಶಕದ ಬರದಲ್ಲಿ ಹೊಟ್ಟೆಗಿಲ್ಲದೆ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡವರು ರಮಾಬಾಯಿ. ಆ ಹಸಿವಿಗೂ ಇಂದಿನ ಶುಗರಿಗೂ ನೇರ ಗೆರೆ ಎಳೆಯಲು ನಾನು ಹೋಗುವುದಿಲ್ಲ. ತಾಯಿಯ ಹೊಟ್ಟೆಗೆ ಇಲ್ಲದ್ದು ಕೂಸಿನ ಮೈಯಲ್ಲಿ ಗುರುತಾಗಿ ಉಳಿಯುತ್ತದೆ ಎಂಬುದಷ್ಟೇ ಪುಣೆಯ ಕೂಸುಗಳು ಹೇಳಿದ್ದು. ಅದೇ ತಾಲೂಕಿನಲ್ಲಿ ಇಂದು ಖಡಕವಾಸಲಾದ ಕಾಲುವೆ ನೀರು, ಕಬ್ಬು, ಪಾಟಸಿನ ಸಕ್ಕರೆ ಕಾರ್ಖಾನೆ, ಕೇಡಗಾಂವ್ ಸುತ್ತಿನ ಬೆಲ್ಲದ ಗಾಣಗಳು. ಮಣ್ಣು ಹೊತ್ತವರ ಮರಿಮಕ್ಕಳು ರಾತ್ರಿ ಪಾಳಿಯಲ್ಲಿ ಕೂತು ಗಾಡಿ ಓಡಿಸುತ್ತಾರೆ, ಕುರಕುಂಭದ ಎಂಐಡಿಸಿಯಲ್ಲಿ ಔಷಧಿಗಳ ಕಚ್ಚಾಮಾಲು ತಯಾರಿಸುತ್ತಾರೆ.

ಇಂಥ ಮೈಗೆ ಶುಗರೂ ಬೇಗ ಬರುತ್ತದೆ, ಅಟ್ಯಾಕೂ ಬೇಗ ಬರುತ್ತದೆ. ಐವತ್ತೆರಡು ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಹಾಗಾಗಿ ಸ್ಟ್ಯಾಟಿನ್ ಬಿಡಿ ಎನ್ನುವವರೂ, ಎಲ್ಲರಿಗೂ ದೊಡ್ಡ ಡೋಸ್ ಕೊಡಿ ಎನ್ನುವವರೂ ಈ ಮೈಯನ್ನು ನೋಡಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮವರ ರಕ್ತದಲ್ಲಿ ರೋಸುವಾಸ್ಟ್ಯಾಟಿನ್ ಹೆಚ್ಚಾಗಿ ಉಳಿಯುತ್ತದೆಂದು ಅಮೆರಿಕದ ಎಫ್‌ಡಿಎಯೇ 2005ರಲ್ಲಿ ಏಷ್ಯಾ ಮೂಲದವರಿಗೆ 5 ಮಿಲಿಗ್ರಾಮಿನಿಂದ ಶುರುಮಾಡಿ ಎಂದಿತು. ಅದೇ ಎಫ್‌ಡಿಎ 2012ರ ಫೆಬ್ರುವರಿಯಲ್ಲಿ ಶುಗರಿನ ಎಚ್ಚರಿಕೆಯನ್ನು ಸ್ಟ್ಯಾಟಿನ್‌ಗಳ ಲೇಬಲ್ಲಿಗೆ ಸೇರಿಸಿತು. ಸೇರಿಸುವಾಗಲೇ ಹೃದಯಕ್ಕಾಗುವ ಲಾಭ ದೊಡ್ಡದೆಂದೂ ಹೇಳಿತು. ಜನರ ಫೋನಿಗೆ ಬಂದದ್ದು ಅದರ ಮೊದಲ ಅರ್ಧ ಮಾತ್ರ.

ಆ ಅರ್ಧ ಮಾತು ಏನು ಮಾಡುತ್ತದೆಂದು ನೋಡಿದ್ದೇನೆ. ಕುರಕುಂಭದಲ್ಲಿ ಪಾಳಿ ಕೆಲಸದ ಒಬ್ಬರಿಗೆ ಸ್ಟೆಂಟ್ ಹಾಕಿದ್ದರು. ಅಟೋರ್ವಾಸ್ಟ್ಯಾಟಿನ್ 40, ಆಸ್ಪಿರಿನ್, ಇನ್ನೆರಡು. ತಿಂಗಳ ಮೊದಲ ವಾರ ತಪ್ಪದೆ ಬರುತ್ತಿದ್ದವರು ಒಂದು ಸಲ ಬಂದು, ವಹಿನಿ, ಈ ಹಳದಿ ಚೀಟಿಯದು ಬೇಡ, ಶುಗರ್ ತರುತ್ತದಂತೆ, ಮೊಬೈಲಿನಲ್ಲಿ ಬಂದಿದೆ ಎಂದರು. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಎಂದೆ, ಕೇಳಲಿಲ್ಲ. ಆ ಬೇಸಿಗೆ ಮುಗಿಯುವ ಮೊದಲೇ ಎರಡನೇ ಅಟ್ಯಾಕ್ ಆಯಿತು. ಒಬ್ಬರ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲ, ಗುಳಿಗೆ ನುಂಗಿದ್ದರೂ ಆಗುತ್ತಿತ್ತೇನೋ. ಆದರೆ ಒಮ್ಮೆ ಎದೆ ಒಡೆದವರ ಪಾಲಿಗೆ 256 ಮತ್ತು 182ರ ಲೆಕ್ಕ ಮೂವತ್ತು ವರ್ಷ ಹಳೆಯದು, ಅದನ್ನು ಯಾರೂ ಅಲುಗಾಡಿಸಿಲ್ಲ. ಶುಗರ್ ಈಗಾಗಲೇ ಇರುವವರ ಪಾಲಿಗೂ ಹಾಗೆಯೇ. 2004ರ ಕಾರ್ಡ್ಸ್ ಪ್ರಯೋಗದಲ್ಲಿ 2,838 ಮಧುಮೇಹಿಗಳಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಬರೀ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್ ಕೊಟ್ಟು ನೋಡಿದಾಗ ಅವರಲ್ಲಿ ಹೃದಯ, ಮಿದುಳಿನ ದೊಡ್ಡ ಆಘಾತಗಳು ಶೇ. 37ರಷ್ಟು ಇಳಿದವು. ಶುಗರಿನವರನ್ನು ಕೊನೆಗೆ ಹೆಚ್ಚಾಗಿ ಒಯ್ಯುವುದು ಹೃದಯವೇ. ಶುಗರಿಗೆ ಅಂಜಿ ಸ್ಟ್ಯಾಟಿನ್ ಬಿಡುವವರು ಯಾವುದಕ್ಕಾಗಿ ಶುಗರಿಗೆ ಅಂಜಬೇಕೋ ಅದನ್ನೇ ಮನೆಗೆ ಕರೆಯುತ್ತಾರೆ.

ನಿಜವಾಗಿ ತೂಗಬೇಕಾದವರು ಬೇರೆ. ಎದೆಯ ಕಾಯಿಲೆ ಇಲ್ಲ, ಶುಗರ್ ಗಡಿಯಲ್ಲಿದೆ, ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚು ಎನ್ನುವವರು. ಪಾಟಸಿನ ನಲವತ್ತು ದಾಟಿದ ಶಿಕ್ಷಕಿಯೊಬ್ಬರು ಹೀಗೆಯೇ ಬಂದರು. ಬಿಪಿ ಇಲ್ಲ, ತಂಬಾಕು ಇಲ್ಲ, ಮನೆತನದಲ್ಲಿ ಎದೆಯ ಕಾಯಿಲೆಯಿಲ್ಲ. ಚೀಟಿಯಲ್ಲಿ ರೋಸುವಾಸ್ಟ್ಯಾಟಿನ್ 20. ಅವರಿಗೆ ನಾನು ಗುಳಿಗೆ ಬೇಡ ಎನ್ನಲಿಲ್ಲ, ಅದು ನನ್ನ ಕೆಲಸವಲ್ಲ. ಎಚ್‌ಬಿಎ1ಸಿ ಎಂಬ ಶುಗರಿನ ಪರೀಕ್ಷೆ ಮಾಡಿಸಿಕೊಂಡು ಡಾಕ್ಟರ ಬಳಿ ಮತ್ತೊಮ್ಮೆ ಹೋಗಿ, ಡೋಸಿನ ಮಾತೆತ್ತಿ ಎಂದೆ. ಡಾಕ್ಟರು ಕೂತು ಮಾತಾಡಿ, ಆರು ತಿಂಗಳು ನಡಿಗೆ ಮತ್ತು ಊಟ ನೋಡಿ ಆಮೇಲೆ ನಿರ್ಧರಿಸೋಣ ಎಂದರಂತೆ.

ಅಫಜಲಪುರದ ಲೋಕೋ ಪೈಲಟರ ಲೆಕ್ಕ ಹಾಗಲ್ಲ. ಅವರ ತಂದೆ ಐವತ್ತರೊಳಗೆ ಅಟ್ಯಾಕಿನಿಂದ ಹೋದವರು, ಇವರಿಗೂ ಬಿಪಿ. ಅವರು ಹಳೆಯ ರಿಪೋರ್ಟುಗಳನ್ನೆಲ್ಲ ಹಿಡಿದು ಡಾಕ್ಟರ ಹತ್ತಿರ ಹೋದರು. ಅಟೋರ್ವಾಸ್ಟ್ಯಾಟಿನ್ 40 ಇದ್ದದ್ದು 10ಕ್ಕೆ ಇಳಿದು ಜೊತೆಗೆ ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಗುಳಿಗೆ ಎಜೆಟಿಮೈಬ್ ಬಂತು, ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂದು ಚೀಟಿಯ ಕೆಳಗೆ ಬರೆದಿದ್ದರು. ನನಗೆ ಇರುವ ಒಂದು ತಕರಾರು ಇಷ್ಟೇ: ಈ ಮಾತುಕತೆ ಗುಳಿಗೆ ಬರೆದ ದಿನವೇ, ಅವರಿಗೆ ತಿಳಿಯುವ ಭಾಷೆಯಲ್ಲಿ, ಐದು ನಿಮಿಷ ನಡೆದಿದ್ದರೆ ಅವರು ವಾರಗಟ್ಟಲೆ ಸ್ಟ್ರಿಪ್ ಒಡೆಯದೆ ಬ್ಯಾಗಿನಲ್ಲಿಟ್ಟುಕೊಂಡು ಗಾಡಿ ಓಡಿಸುತ್ತಿರಲಿಲ್ಲ. ರನ್ನಿಂಗ್ ಸ್ಟಾಫಿನ ಮೆಡಿಕಲ್ ನಡೆಯುವ ಕಡೆಯೆಲ್ಲ ಸ್ಟ್ಯಾಟಿನ್ ಬರೆದವರಿಗೆ ಮರಾಠಿ, ಹಿಂದಿ, ಕನ್ನಡದಲ್ಲಿ ಇಷ್ಟನ್ನು ಹೇಳಬೇಕೆಂದು ನಮ್ಮವರ ಯೂನಿಯನ್ನಿಗೆ ಅರ್ಜಿ ಬರೆದುಕೊಟ್ಟಿದ್ದೇನೆ, ಉತ್ತರ ಬರುವವರೆಗೆ ಕೌಂಟರಿನಲ್ಲಿ ನಾನೇ ಹೇಳುತ್ತೇನೆ.